ಕಟ್ಟದೆ ಬಿಟ್ಟ ಗೆಜ್ಜೆ

ನಮ್ಮೂರಿನ ಹಳಬರಲ್ಲಿ ಒಬ್ಬಿಬ್ಬರು ಈಗಲೂ ನನ್ನನ್ನು ಕಂಡರೆ ಆ ಆಟದ ಮಾತು ತೆಗೆಯುತ್ತಾರೆ. "ರಾಜನ ಪಾರ್ಟು ಅಂದ್ರ ನಿಮ್ಮದೇ ನೋಡ್ರಿ ಮಾಸ್ತರ, ಇನ್ನಾ ಕಣ್ಣಾಗ ಕುಂತದ" ಎನ್ನುತ್ತಾರೆ. ನಾನು ತಲೆ ತಗ್ಗಿಸುತ್ತೇನೆ. ಅವರು ಅದನ್ನು ವಿನಯ ಅಂದುಕೊಳ್ಳುತ್ತಾರೆ. ಆ ಪಾರ್ಟು ನನ್ನದಲ್ಲ. ಅದು ಯಾರದು, ನನ್ನ ಮೈಮೇಲೆ ಹೇಗೆ ಬಂತು ಎಂಬುದನ್ನು ಯಾರಿಗೆ ಹೇಳಬೇಕಿತ್ತೋ ಅವರಿಗೆ ಹೇಳಲಿಲ್ಲ. ಅವರು ಯಾರೂ ಈಗ ಉಳಿದಿಲ್ಲ. ಆದ್ದರಿಂದ ಇಲ್ಲಿ ಹೇಳುತ್ತಿದ್ದೇನೆ.

ನಮ್ಮ ಊರು ಕಾಗಿಣಾ ಹೊಳೆಯ ದಂಡೆಯ ಮೇಲೆ, ಸೇಡಂಗೂ ಚಿತ್ತಾಪುರಕ್ಕೂ ನಡುವೆ. ಆಗ ನಿಜಾಮರ ಆಳಿಕೆ. ಎಲ್ಲೋ ದೂರದಲ್ಲಿ ದೊಡ್ಡ ಲಡಾಯಿ ನಡೆದಿತ್ತು. ಅದು ನಮಗೆ ತಿಳಿಯುತ್ತಿದ್ದದ್ದು ಅಂಗಡಿಯಲ್ಲಿ ಚಿಮಣಿ ಎಣ್ಣೆ ಇಲ್ಲ ಅಂದಾಗ. ನಾನು ಗುಲ್ಬರ್ಗಾದಲ್ಲಿ ಉರ್ದು ಹೈಸ್ಕೂಲು ಮುಗಿಸಿ ಊರಿಗೆ ಬಂದು ಕುಳಿತಿದ್ದೆ. ತಂದೆ ಇಲ್ಲದ ನನ್ನನ್ನು ಸಾಕಿ ಓದಿಸಿದವರು ದೊಡ್ಡಪ್ಪ. ಅವರದು ದೊಡ್ಡ ಒಕ್ಕಲುತನ. ಚಾವಡಿಯಲ್ಲಿ ಅವರ ಮಾತು ನಡೆಯುತ್ತಿತ್ತು. ಬೆಳಿಗ್ಗೆ ಲಿಂಗಪೂಜೆ ಮಾಡಿ, ಬಸವಣ್ಣನವರ ವಚನ ಹೇಳಿ, ಆಮೇಲೆಯೇ ಬಾಯಿಗೆ ನೀರು ಹಾಕುತ್ತಿದ್ದರು. ಆ ವಚನಗಳನ್ನೆಲ್ಲ ನನಗೂ ಬಾಯಿಪಾಠ ಮಾಡಿಸಿದ್ದರು.

ಊರಿನಲ್ಲಿ ಸುಗ್ಗಿ ಮುಗಿದ ಮೇಲೆ ಹುಡುಗರು ಬಯಲಾಟ ಆಡುವ ರೂಢಿ ಇತ್ತು. ಕಲಿಸುತ್ತಿದ್ದವನು ಮಗ್ಗದ ಮನೆಯ ಒಬ್ಬ ಮುದುಕ. ಆ ವರ್ಷ ಅವನ ಕಣ್ಣು ಹೋದವು. ಹುಡುಗರು ನನ್ನ ಹತ್ತಿರ ಬಂದರು: "ನೀವು ಸಾಲಿ ಕಲ್ತೀರಿ, ಗುಲ್ಬರ್ಗಾದಾಗ ನಾಟಕ ನೋಡೀರಿ. ನೀವೇ ಕಲಸ್ರಿ." ನನಗೂ ಒಳಗೊಳಗೆ ಆಸೆ ಇತ್ತು. ಒಪ್ಪಿಕೊಂಡೆ. ಕಥೆಯನ್ನೂ ನಾನೇ ಕಟ್ಟಿದೆ. ಮಂತ್ರಿಯ ಚಾಡಿ ಕೇಳಿ ರಾಣಿಯನ್ನು ಹೊರಹಾಕಿದ ಒಬ್ಬ ರಾಜ, ರಾಜ್ಯ ಕಳೆದುಕೊಂಡು ಅಲೆದು, ಕೊನೆಗೆ ಅವಳ ಮುಂದೆ ಮೊಣಕಾಲೂರುವ ಕಥೆ.

ಕಣ್ಣು ಹೋದ ಮುದುಕನ ಆಶೀರ್ವಾದ ಕೇಳಲು ಹೋದಾಗ ಅವನು ಒಂದೇ ಮಾತು ಹೇಳಿದ: "ಗೆಜ್ಜಿ ಮರೀಬ್ಯಾಡ್ರಿ. ಎಲ್ಲರ ಕಾಲಿಗೂ ನಿಮ್ಮ ಕೈಲೇ ಕಟ್ರಿ." ನಮ್ಮ ಕಡೆಯ ನೇಮವೇ ಅದು. ಆಟದ ದಿನ ಪರದೆಯ ಹಿಂದೆ ಮಾಸ್ತರ ನೆಲದ ಮೇಲೆ ಕೂರುತ್ತಾನೆ. ಪಾತ್ರಧಾರಿ ಬಂದು ಅವನ ತೊಡೆಯ ಮೇಲೆ ಕಾಲಿಡುತ್ತಾನೆ. ಮಾಸ್ತರ ಗೆಜ್ಜೆ ಕಟ್ಟಿ, ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, "ಗೆದ್ದು ಬಾ" ಎನ್ನುತ್ತಾನೆ. ಮಾಸ್ತರನ ಕೈ ಸೋಕದ ಗೆಜ್ಜೆ ಹಾಕಿಕೊಂಡು ಯಾರೂ ಆಟದ ಅಟ್ಟ ಹತ್ತುವುದಿಲ್ಲ. "ಆಗಲಿ" ಎಂದು ಎದ್ದು ಬಂದೆ. ಆ ಮುದುಕ ಯಾರ ಕಾಲಿಗೆ ಕಟ್ಟಿದರೂ ಊರಿನಲ್ಲಿ ಯಾರೂ ಕೇಳುತ್ತಿರಲಿಲ್ಲ; ದೊಡ್ಡ ಮನೆಯ ಮಗ ಆ ಜಾಗದಲ್ಲಿ ಕೂತರೆ ಕೇಳುತ್ತಾರೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ರಾಜನ ಪಾತ್ರಕ್ಕೆ ನಾನು ಆರಿಸಿದ್ದು ಅಂಬಿಗರ ಹುಡುಗನನ್ನು. ಅಪ್ಪನ ಜೊತೆ ಹರಿಗೋಲು ಹಾಕುತ್ತಿದ್ದ, ಮೀಸೆ ಚಿಗುರಿದ ಆಳು. ಆಚೆ ದಂಡೆಯಲ್ಲಿ ನಿಂತವರನ್ನು ಅವನು ಈಚೆಯಿಂದ ಕೂಗಿ ಮಾತಾಡಿಸುತ್ತಿದ್ದ ದನಿ ಕೇಳಿ, ಇದೇ ದನಿ ಬೇಕು ಅಂದುಕೊಂಡೆ. ಅವನಿಗೆ ಓದಲು ಬಾರದು. ನಾನು ಹೇಳಿಕೊಟ್ಟ ಮಾತನ್ನು ಹುಟ್ಟು ಹಾಕುತ್ತಲೇ ಗಟ್ಟಿ ಮಾಡುತ್ತಿದ್ದ. ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ. ಬೈದರೆ ಎದ್ದು ಹೋಗಿ ಬೇವಿನ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂರುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಯಾರೂ ಕರೆಯದೆ ಬಂದು, ತಪ್ಪಿದ ಮಾತನ್ನು ಸರಿಯಾಗಿ ಹೇಳುತ್ತಿದ್ದ.

ತಾಲೀಮು ನಮ್ಮ ಕಣದಲ್ಲಿ, ಸಂಜೆಯ ಹೊತ್ತು. ರಾಣಿಯ ಪಾತ್ರ ಅಂಗಡಿಯವರ ಮಗನದು. ಅವನ ದಪ್ಪ ಮೀಸೆಯೇ ನನಗೊಂದು ಚಿಂತೆ.

"ಏ ರಾಣಿ, ಮೀಸಿ ತಗಿಯೋ ಮಾರಾಯಾ" ಎಂದು ಮಂತ್ರಿಯಾಗಿದ್ದ ಗೌಡರ ಮಗ ಕಾಡುತ್ತಿದ್ದ. "ರಾಜ ನಿನ್ನ ಅಡವಿಗಿ ಅಟ್ಟಿದ್ದು ನನ್ನ ಚಾಡಿ ಕೇಳಿ ಅಲ್ಲ, ನಿನ್ನ ಮೀಸಿ ನೋಡಿ."

"ಅಪ್ಪ ಇರೋತನ ಮೀಸಿ ತಗೀಬಾರದಲೇ. ನಮ್ಮಪ್ಪ ಇನ್ನಾ ಗಟ್ಟಿ ಅದಾನ. ಬೇಕಂದ್ರ ನಿಮ್ಮಪ್ಪಗ ಕೇಳಿ ನಿಂದು ತಗಿ."

"ಇರಲಿ ಬಿಡ್ರಿ" ಎಂದು ಅಂಬಿಗರ ಹುಡುಗ ರಾಜನ ಗತ್ತಿನಲ್ಲಿ ಕೈ ಎತ್ತುತ್ತಿದ್ದ. "ನಮ್ಮ ರಾಜ್ಯದಾಗ ರಾಣಿಗೋಳು ಹಿಂಗೇ ಇರ್ತಾರ. ಸೆರಗು ಮುಚ್ಕೊಂಡು ಕುಂದ್ರು ರಾಣಿ, ರಾಜಾಜ್ಞೆ ಅದ."

ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಆ ಸಂಜೆಗಳಲ್ಲಿ ಯಾರ ಮನೆ ಯಾವುದು ಎಂಬುದು ನಮ್ಮಲ್ಲಿ ಯಾರಿಗೂ ನೆನಪಿರಲಿಲ್ಲ. ಹಾಗೆಂದು ನಾನು ನಂಬಿದ್ದೆ.

ಆಟಕ್ಕೆ ಸರಕಾರದ ಇಜಾಜತ್, ಪರವಾನಗಿ ಬೇಕಾಗಿತ್ತು. ಚಿತ್ತಾಪುರದ ಠಾಣೆಗೆ ಹೋಗಿ ಅಮೀನ್ ಸಾಹೇಬರ ಮುಂದೆ ನಿಂತೆ. ನನ್ನ ಉರ್ದು ಕೇಳಿ ಅವರು ಕುರ್ಚಿ ತೋರಿಸಿದರು. ಕಥೆಯಲ್ಲಿ ರಾಜನ ಗತಿ ಏನಾಗುತ್ತದೆ ಎಂದು ಕೇಳಿದರು. ರಾಜ್ಯ ಕಳೆದುಕೊಳ್ಳುತ್ತಾನೆ ಎಂದು ಹೇಳುವ ಧೈರ್ಯ ಬರಲಿಲ್ಲ. ರಾಜ ಮರಳಿ ಸಿಂಹಾಸನ ಏರುತ್ತಾನೆ, ಪ್ರಜೆಗಳು ಸುಖವಾಗಿರುತ್ತಾರೆ ಎಂದೆ. ಅವರು ನಕ್ಕು ಒಪ್ಪಿಗೆ ಕೊಟ್ಟರು. ಒಂದು ಷರತ್ತು ಹಾಕಿದರು: ಠಾಣೆಯ ಒಬ್ಬ ಜವಾನ ಬಂದು ಕೂರುತ್ತಾನೆ, ಹೊತ್ತು ಮುಳುಗುವುದರೊಳಗೆ ಆಟ ಮುಗಿಯಬೇಕು. ಎಣ್ಣೆ ಇಲ್ಲದ್ದರಿಂದ ನಮಗೂ ಹಗಲೇ ಬೇಕಾಗಿತ್ತು. ಊರಿಗೆ ಬರುವ ದಾರಿಯಲ್ಲಿ ಕೊನೆಯ ಪ್ರವೇಶವನ್ನು ಬದಲಿಸಿ, ರಾಜನಿಗೆ ಸಿಂಹಾಸನ ಕೊಟ್ಟುಬಿಟ್ಟೆ. ಹುಡುಗರು ಒಪ್ಪಿದರು.

ಆಟ ಹತ್ತಿರ ಬಂತು. ಒಂದು ಬೆಳಿಗ್ಗೆ ದೊಡ್ಡಪ್ಪ ಪೂಜೆ ಮುಗಿಸಿ ನನ್ನನ್ನು ಕರೆದರು.

"ಗೆಜ್ಜಿ ಯಾರ ಕಟ್ಟಾವರು?"

"ಮಾಸ್ತರೇ ಕಟ್ಟಬೇಕ್ರಿ ದೊಡ್ಡಪ್ಪ."

"ಎಲ್ಲರಿಗೂ?"

"ಹೂಂರಿ."

"ಅಂಬಿಗರ ಹುಡುಗನ ಕಾಲೂ ಹಿಡಿತಿ?"

ದೊಡ್ಡಪ್ಪ ವಿಭೂತಿಯ ಗಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟರು.

"ಅಂವಾ ರಾಜ ಆಗಲಿ, ಚಕ್ರವರ್ತಿ ಆಗಲಿ, ನಾ ಅಡ್ಡ ಬಂದೀನೇನು? ಇಲ್ಲ. ಆದ್ರ ಅವನ ಕಾಲು ಹಿಡಿದ ಕೈಯಾಗ ಮರುದಿನ ಲಿಂಗ ಹ್ಯಾಂಗ ಇಟ್ಕೋತಿ? ಅದೊಂದು ಹೇಳು ನನಗ."

"ಬಸವಣ್ಣನವರು..." ಎಂದು ಬಾಯಿ ತೆಗೆದೆ.

"ಬಸವಣ್ಣನವರ ಹೆಸರು ನಿನಗ ಕಲಿಸಿದಾಂವ ನಾನು. ನನಗ ತಿರುಗಿ ಹೇಳಬ್ಯಾಡ." ಅವರ ದನಿ ಏರಲಿಲ್ಲ. ಏರಿದ್ದರೆ ನಾನೂ ಏರಿಸಿ ಮಾತಾಡುತ್ತಿದ್ದೆನೋ ಏನೋ. "ನೀ ಕಟ್ಟಿದ ಕ್ಷಣಕ್ಕ ನಾ ಎದ್ದು ಹೋಗ್ತೀನಿ. ನಾ ಎದ್ರ ನಮ್ಮವರೆಲ್ಲಾ ಏಳ್ತಾರ. ಗೌಡ್ರು ಅವರ ಮಗನ್ನ ಕೈ ಹಿಡಿದು ಎಳಕೊಂಡು ಹೋಗ್ತಾರ. ಆಮ್ಯಾಗ ನಿನ್ನ ಆಟ ಯಾರ ಮುಂದ ಆಡ್ತಿ, ಆಡು."

ಆ ಸಂಜೆ ನಾನೊಂದು ಉಪಾಯ ಹೂಡಿದೆ. ಹೊತ್ತು ಕಡಿಮೆ ಇದೆ, ಈ ಸಲ ಎಲ್ಲರೂ ಮನೆಯಲ್ಲೇ ಗೆಜ್ಜೆ ಕಟ್ಟಿಕೊಂಡು ಬಂದುಬಿಡಿ ಎಂದೆ. ಯಾರಿಗೂ ಕಟ್ಟದಿದ್ದರೆ ಒಬ್ಬನಿಗೆ ಕಟ್ಟಲಿಲ್ಲ ಎಂಬ ಮಾತು ಬರುವುದಿಲ್ಲವಲ್ಲ.

"ಏನ್ರಿ ಮಾಸ್ತರ" ಎಂದು ಗೌಡರ ಮಗ ನಕ್ಕ. "ಮಾಸ್ತರ ಕೈ ಇಲ್ಲದ ಗೆಜ್ಜಿ ಅಂದ್ರ ಎತ್ತಿನ ಕೊಳ್ಳಾಗಿನ ಗೆಜ್ಜಿ ಆಯ್ತು. ನಾವು ಒಲ್ಲಿವಿ."

ಎಲ್ಲರೂ ಅದೇ ಮಾತು ಹಿಡಿದರು. ಅಂಬಿಗರ ಹುಡುಗ ಮಾತ್ರ ನನ್ನ ಮುಖ ನೋಡುತ್ತಿದ್ದ. ಎಲ್ಲರೂ ಹೋದ ಮೇಲೆ ನನ್ನ ಜೊತೆ ಕಣದ ಬಾಯಿಯ ತನಕ ಬಂದ.

"ಮಾಸ್ತರ, ಒಂದು ಮಾತು ಕೇಳ್ತೀನಿ, ಸಿಟ್ಟಿಗಿ ಬರಬ್ಯಾಡ್ರಿ. ನನ್ನ ಸಲುವಾಗಿ ಹಂಗಂದ್ರೇನು?"

"ಏ ಇಲ್ಲ. ಹೊತ್ತಿನ ಸಲುವಾಗಿ."

"ಊರಾಗ ಬ್ಯಾರೆ ಮಾತಾಡ್ಲಿಕತ್ತಾರ." ಕಾಲ ಹೆಬ್ಬೆರಳಿನಿಂದ ಮಣ್ಣು ಕೆದರುತ್ತ ನಿಂತ. "ಪಾರ್ಟು ಬ್ಯಾಡ ಅಂದ್ರ ಈಗೇ ಅಂದ್ಬಿಡ್ರಿ. ಬಿಡ್ತೀನಿ. ನಾಕು ಮಂದ್ಯಾಗ ನಿಂದರಿಸಿ ಬಿಡಬ್ಯಾಡ್ರಿ. ನಮ್ಮವ್ವ ಆಯಾರ ತಂದಿಟ್ಟಾಳ. ಅಕ್ಕ ತೆಂಗಳಿಯಿಂದ ಬರ್ತಾಳ. ನೀವು ನನಗ ಕಟ್ತೀರಿ, ಹೌದಲ್ರಿ?"

ಆ ಹೊತ್ತಿಗೇ ಇಲ್ಲ ಎಂದಿದ್ದರೆ ಅವನಿಗೆ ನೋವಾಗುತ್ತಿತ್ತು, ಅವಮಾನವಾಗುತ್ತಿರಲಿಲ್ಲ. ನನಗೆ ಆ ದನಿ ಬೇಕಾಗಿತ್ತು. ಅವನಿಲ್ಲದೆ ಆಟ ನಿಲ್ಲುತ್ತದೆ ಎಂಬ ಭಯ ಇತ್ತು. ಅವನ ಕಣ್ಣಿಗೆ ದೊಡ್ಡವನಾಗಿ ಉಳಿಯುವ ಆಸೆಯೂ ಇತ್ತು.

"ಕಟ್ತೀನಿ" ಎಂದೆ.

ಆಟದ ದಿನ ಮಧ್ಯಾಹ್ನಕ್ಕೇ ಕಣ ತುಂಬಿತು. ಬಂಡಿಗಳನ್ನು ಜೋಡಿಸಿ ನೊಗ ಬಿಗಿದು, ಮೇಲೆ ಹಲಗೆ ಹಾಸಿ ಅಟ್ಟ ಕಟ್ಟಿದ್ದೆವು. ಹಿಂದೆ ಎರಡು ಜಮಖಾನೆಗಳ ಪರದೆ. ಚಿತ್ತಾಪುರದಿಂದ ಬಂದ ಜವಾನನಿಗೆ ಬೇವಿನ ನೆರಳಲ್ಲಿ ಕುರ್ಚಿ. ದೊಡ್ಡಪ್ಪ ಹುರಿ ಹೆಣೆದ ತಮ್ಮ ಹೊರಸನ್ನು ಅಟ್ಟದ ಎಡ ಮಗ್ಗುಲಿಗೆ ಹಾಕಿಸಿಕೊಂಡಿದ್ದರು. ಅಲ್ಲಿಂದ ಪರದೆಯ ಹಿಂದಿನದು ಅವರಿಗೆ ಕಾಣುತ್ತಿತ್ತು. ಅವರ ಹಿಂದೆ ನಮ್ಮ ಮಂದಿಯೆಲ್ಲ ಕೂತಿದ್ದರು.

ಅಂಬಿಗರ ಮಂದಿ ಎದುರಿಗೆ, ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕೂತಿದ್ದರು. ಹುಡುಗನ ತಾಯಿಯ ಮಡಿಲಲ್ಲಿ ಬಿಳಿ ಬಟ್ಟೆಯ ಗಂಟು ಇತ್ತು. ಆಯಾರ ಎಂದರೆ ಪಾತ್ರಧಾರಿಗೆ ಅವನ ಮನೆಯವರು ಅಟ್ಟದ ಮೇಲೆಯೇ ಬಂದು ಕೊಡುವ ಉಡುಗೊರೆ. ಒಮ್ಮೆ ಅದು ಮನೆಯ ಹೊಸ್ತಿಲು ದಾಟಿತೆಂದರೆ ಮರಳಿ ಒಯ್ಯಬಾರದು. ಒಯ್ದರೆ ಆ ಪಾತ್ರಧಾರಿಗೇ ಕೇಡು ಎಂದು ನಂಬಿಕೆ.

ನಾನು ಗೋಣಿಚೀಲ ಹಾಸಿಕೊಂಡು ಕೂತೆ. ಮೊದಲು ಆಟ ನಡೆಸಿಕೊಡುವ ಸಾರಥಿಯ ಪಾತ್ರದವನು ಬಂದ. ತೊಡೆಯ ಮೇಲೆ ಕಾಲಿಟ್ಟ, ಕಟ್ಟಿದೆ, ಕಣ್ಣಿಗೊತ್ತಿಕೊಂಡೆ. ಮಂತ್ರಿಗೆ ಕಟ್ಟಿದೆ. ರಾಣಿ ಸೀರೆ ಎತ್ತಿಕೊಂಡು ಕಾಲಿಟ್ಟಾಗ ಯಾರೂ ನಗಲಿಲ್ಲ. ಎಲ್ಲರಿಗೂ ಗೊತ್ತಿತ್ತು, ರಾಜ ಕೊನೆಗೆ ಬರುತ್ತಾನೆ.

ಅವನು ಬಂದು ನಿಂತ. ಸೇಡಂನಿಂದ ತಂದ ಕಿರೀಟ, ಭುಜಕೀರ್ತಿ, ಮುಖಕ್ಕೆ ಅರದಾಳದ ಹಳದಿ. ನಾನು ತಿದ್ದಿ ತೀಡಿದ ರಾಜ. ಕಾಲನ್ನು ಸ್ವಲ್ಪ ಎತ್ತಿದ. ನಾನು ಕಣ್ಣಲ್ಲಿ ಸನ್ನೆ ಮಾಡುವ ತನಕ ತೊಡೆಯ ಮೇಲೆ ಇಡಬಾರದು ಎಂಬಂತೆ ಗಾಳಿಯಲ್ಲೇ ಹಿಡಿದ. ಗೆಜ್ಜೆ ನನ್ನ ಕೈಯಲ್ಲಿತ್ತು. ಪರದೆಯ ಅಂಚಿನಲ್ಲಿ ದೊಡ್ಡಪ್ಪ ಕಂಡರು. ಹೊರಸಿಗೆ ಒರಗಿಸಿದ್ದ ಬೆತ್ತವನ್ನು ಕೈಗೆ ತೆಗೆದುಕೊಂಡು, ಪಾದರಕ್ಷೆಯಲ್ಲಿ ಕಾಲು ತೂರಿಸುತ್ತಿದ್ದರು.

"ತಮ್ಮಾ" ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. "ಹೊತ್ತಾಗಲಿಕತ್ತದ. ನೀನೇ ಕಟ್ಕೋ." ಗೆಜ್ಜೆಯನ್ನು ಗೋಣಿಚೀಲದ ಮೇಲೆ ಇಟ್ಟೆ.

ಅವನು ಕಾಲು ಕೆಳಗಿಡಲಿಲ್ಲ.

"ಹೊತ್ತೇನ್ರಿ?"

"ಜವಾನ ಗಡಬಡ ಮಾಡ್ಲಿಕತ್ತಾನ."

"ಜವಾನ ಬೀಡಿ ಸೇದಲಿಕತ್ತಾನ್ರಿ. ಇಲ್ಲಿಂದ ಕಾಣ್ತಾನ."

ಅಂಗಡಿಯವರ ಮಗ ಮುಂದೆ ಬಂದು ಸೀರೆಯಲ್ಲೇ ಕುಕ್ಕರಗಾಲಲ್ಲಿ ಕೂತ. "ಬಾರೋ ನಾ ಕಟ್ತೀನಿ. ಯಾರು ಕಟ್ಟಿದ್ರೇನು, ನಡಿ."

"ನೀ ಏಳು ಮಾರಾಯಾ. ನೀ ಕಟ್ಟಿದ್ರ ಆಗಂಗಿಲ್ಲ." ಅವನು ನನ್ನನ್ನೇ ನೋಡುತ್ತಿದ್ದ. "ಮಾಸ್ತರ, ಇದೊಂದಾ ಕೇಳಿದ್ದೆ ನಾ."

ಹೊರಗೆ ಮದ್ದಳೆ ಶುರುವಾಯಿತು. ಕೈ ಚಾಚಿದರೆ ಗೆಜ್ಜೆ, ಕೈ ಚಾಚಿದರೆ ಅವನ ಕಾಲು. ನಾನು ಕೈಗಳನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡು ಕೂತಿದ್ದೆ. ಅವನು ಕಾಯುವಷ್ಟು ಕಾದ. ಆಮೇಲೆ ಕಾಲು ಕೆಳಗಿಟ್ಟು, ಎರಡೂ ಕೈಯಿಂದ ಕಿರೀಟ ತೆಗೆದು ನನ್ನ ಮುಂದೆ ಇಟ್ಟ. ಭುಜಕೀರ್ತಿಯ ದಾರ ಬಿಚ್ಚಿದ.

"ಹಂಗಾದ್ರ ಇವತ್ತು ರಾಜ ಇಲ್ರಿ."

ಹಿಂಬದಿಯ ಬೇಲಿ ದಾಟಿ ಹೊಳೆಯ ಕಡೆ ನಡೆದು ಹೋದ. ಮುಖದ ಬಣ್ಣ ಹಾಗೇ ಇತ್ತು. ಅವನನ್ನು ಕರೆಯಲು ಯಾರೂ ಅಲುಗಾಡಲಿಲ್ಲ. ಎಲ್ಲರೂ ನನ್ನತ್ತ ನೋಡುತ್ತಿದ್ದರು.

"ಈಗ ಏನ್ರಿ ಮಾಡೋದು?" ಎಂದು ಗೌಡರ ಮಗ ಪಿಸುಗುಟ್ಟಿದ.

ಆಟ ನಿಲ್ಲಿಸಬಹುದಾಗಿತ್ತು. ಓಡಿ ಹೋಗಿ ಅವನನ್ನು ತಡೆಯಬಹುದಾಗಿತ್ತು. ನಾನು ಕಿರೀಟವನ್ನು ಎತ್ತಿ ತಲೆಯ ಮೇಲೆ ಇಟ್ಟುಕೊಂಡೆ. ಅದು ಇನ್ನೂ ಬೆಚ್ಚಗಿತ್ತು. ಆ ಕ್ಷಣ ನನಗೆ ದುಃಖದ ಜೊತೆಗೆ ಒಂದು ಹಿತವೂ ಆಯಿತು. ಪ್ರತಿ ಮಾತೂ ನನಗೆ ಬಾಯಿಪಾಠ. ಆ ಪಾತ್ರದ ಮೇಲೆ ನನಗೆ ಮೊದಲಿನಿಂದಲೂ ಕಣ್ಣಿತ್ತು ಎಂದು ಆಗ ತಿಳಿಯಿತು. ನನ್ನ ಕಾಲಿಗೆ ಗೆಜ್ಜೆಯನ್ನು ನಾನೇ ಕಟ್ಟಿಕೊಂಡೆ. ಅದು ನೇಮ ಮೀರಿದ್ದು ಎಂದು ಯಾರೂ ಹೇಳಲಿಲ್ಲ.

ಆಟ ಚೆನ್ನಾಗಿ ಆಯಿತು. ಮಂದಿ ಸೀಟಿ ಹೊಡೆದರು, ರಾಜ ರಾಣಿಯ ಮುಂದೆ ಮೊಣಕಾಲೂರಿದಾಗ ಹೆಂಗಸರು ಕಣ್ಣೊರೆಸಿಕೊಂಡರು. ಜವಾನನೂ ಎದ್ದು ನಿಂತು ನೋಡಿದ. ದೊಡ್ಡಪ್ಪ ಪಾದರಕ್ಷೆ ಬಿಟ್ಟು ಮತ್ತೆ ಹೊರಸಿನ ಮೇಲೆ ಕಾಲು ಮಡಚಿ ಕೂತಿದ್ದರು. ರಾಜ ಸಿಂಹಾಸನದ ಮೇಲೆ ಕೂತ ಮೇಲೆ ಆಯಾರದ ಹೊತ್ತು. ಸಾರಥಿ ಒಬ್ಬೊಬ್ಬರ ಮನೆ ಕರೆಯುತ್ತ ಹೋದ. ಬಾಯಿಗೆ ರೂಢಿಯಾಗಿತ್ತೋ ಏನೋ, ಅವನು ಕೂಗಿಬಿಟ್ಟ:

"ಅಂಬಿಗರ ಮನಿಯಿಂದ ರಾಜರಿಗೆ ಆಯಾರ!"

ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡ. ಅಂಬಿಗರ ಹುಡುಗನ ತಂದೆ ತಾಯಿ ಎದ್ದು ನಿಂತರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಂದಿ ದಾರಿ ಬಿಟ್ಟಿತು. ಅವರು ಅಟ್ಟ ಹತ್ತಿ ಬಂದು ನನ್ನ ಮುಂದೆ ನಿಂತರು. ತಂದೆ ಗಂಟು ಬಿಚ್ಚಿದ. ಒಳಗೆ ತಲೆಗೆ ಸುತ್ತುವ ಕೆಂಪಂಚಿನ ರುಮಾಲು.

"ರಾಜರಿಗೆ ಅಂತ ತಂದೀವಿ" ಎಂದ. "ರಾಜರ ಮ್ಯಾಲೇ ಬೀಳಲಿ." ಹೆಗಲ ಮೇಲೆ ಹೊದಿಸಿ, ರಾಜನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಅದೂ ನೇಮವೇ.

ತಾಯಿ ಬಗ್ಗಿದಾಗ ನನಗಷ್ಟೇ ಕೇಳುವಂತೆ ಕೇಳಿದಳು: "ನಮ್ಮ ಹುಡುಗ ಎಲ್ಲಿ ಹೋದನ್ರಿ ಮಾಸ್ತರ? ಮೈಯಾಗ ಆರಾಮ ಇಲ್ಲೇನು?"

"ಹೂಂ ಅವ್ವಾ. ಹೊಟ್ಟಿ ಬ್ಯಾನಿ ಅಂದ."

"ಮುಂಜಾನೆಯಿಂದ ಏನೂ ತಿಂದಿಲ್ರಿ ಮೂಳ. ಹಂಗೇ ಆಗ್ತದ." ಕೈ ಮುಗಿದಳು. "ನಿಮಗ ಭಾಳ ತ್ರಾಸ ಕೊಟ್ಟ. ನೀವಾ ನಿಂತು ಅವನ ಮರ್ಯಾದಿ ಉಳಸಿದ್ರಿ. ನಿಮ್ಮ ಉಪಕಾರ ಮರೆಯಂಗಿಲ್ಲ."

ನಾನು ಸಿಂಹಾಸನದಿಂದ ಏಳಲಿಲ್ಲ. ರಾಜ ಏಳಬಾರದು ಎಂದು ನಾನೇ ತಾಲೀಮಿನಲ್ಲಿ ಕಲಿಸಿದ್ದೆ.

ಆಮೇಲೆ ಅಂಗಡಿಯವರ ಮಗ ಒಂದು ದಿನ ಹೇಳಿದ: ತಾಯಿ ಹೊಟ್ಟೆ ನೋವಿನ ಮಾತು ಕೇಳಿದಾಗ ಹುಡುಗನೂ ಹೌದು ಎಂದನಂತೆ. ಅವಳು ಇರುವ ತನಕ ನನ್ನನ್ನು ಕಂಡಾಗಲೆಲ್ಲ ಸೆರಗು ಸರಿಮಾಡಿಕೊಂಡು ಕೈ ಮುಗಿಯುತ್ತಿದ್ದಳು. ನಾನೂ ಮುಗಿಯುತ್ತಿದ್ದೆ.

ಮಳೆಗಾಲ ಕಳೆದು ಮತ್ತೆ ಸುಗ್ಗಿ ಬಂತು. ಹುಡುಗರು ಇನ್ನೊಂದು ಆಟದ ಮಾತು ಎತ್ತಿದರು. "ಅವನು ಬಂದ್ರ ನಾವೂ ಬರ್ತೀವಿ" ಎಂದ ಅಂಗಡಿಯವರ ಮಗ. ಗೌಡರ ಮಗನೂ ಅದಕ್ಕೆ ತಲೆಯಾಡಿಸಿದ. ನಾನು ಆ ರುಮಾಲನ್ನು ಟವಲಿನಲ್ಲಿ ಸುತ್ತಿಕೊಂಡು, ಉರಿಬಿಸಿಲಿನಲ್ಲಿ ಹೊಳೆಗೆ ಹೋದೆ. ಯಾರೂ ಇರದ ಹೊತ್ತು ನೋಡಿಯೇ ಹೋಗಿದ್ದೆ. ಅವನು ಹರಿಗೋಲಿನೊಳಗೆ ತುಂಬಿದ ನೀರು ತೋಡಿ ಹಾಕುತ್ತಿದ್ದ.

"ಬರ್ರಿ ಮಾಸ್ತರ. ದಾಟೋದದ ಏನು?"

"ಇಲ್ಲ. ಇದು ನಿಂದು" ಎಂದು ರುಮಾಲು ಚಾಚಿದೆ.

"ಅದು ರಾಜಂದ್ರಿ. ನಮ್ಮ ಮನಿಗಿ ತಿರುಗಿ ಬರಂಗಿಲ್ಲ. ನಮ್ಮವ್ವ ನೋಡಿದ್ರ ಅಂಜ್ತಾಳ."

ರುಮಾಲನ್ನು ಮತ್ತೆ ಟವಲಿನಲ್ಲಿ ಸುತ್ತಿದೆ. ಆಮೇಲೆ ನಾನು ಹೊಸ ಆಟದ ಮಾತು ತೆಗೆದೆ. ರಾಜನ ಪಾರ್ಟು ನಿನ್ನದೇ ಎಂದೆ. ಅವನು ನೀರು ತೋಡುವುದನ್ನು ನಿಲ್ಲಿಸಿದ.

"ಗೆಜ್ಜಿ ಯಾರು ಕಟ್ತಾರ್ರಿ?"

"ನಾನು."

"ದೊಡ್ಡ ಗೌಡ್ರು, ನಿಮ್ಮ ದೊಡ್ಡಪ್ಪ, ಎಲ್ಲರೂ ಕುಂತಿರ್ತಾರ."

"ಇರಲಿ. ಕಟ್ತೀನಿ. ಈಗ ಬೇಕಂದ್ರ ಈಗೇ ನಿನ್ನ ಕಾಲು ಹಿಡಿತೀನಿ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಮುಖದಲ್ಲಿ ಸಿಟ್ಟಿರಲಿಲ್ಲ, ನಂಬಲೋ ಬೇಡವೋ ಎಂಬ ತೂಕ ಇತ್ತು. ಆಮೇಲೆ, ಅದೇನು ಅನಿಸಿತೋ, ಹರಿಗೋಲಿನ ಅಂಚಿನ ಮೇಲೆ ಬಲಗಾಲು ಇಟ್ಟ. ಹೊಳೆಯ ಕೆಸರು ಮೆತ್ತಿದ ಕಾಲು.

"ಹಿಡೀರಿ, ನೋಡೂಣು."

ನಾನು ಬಗ್ಗುವ ಮೊದಲು ಒಮ್ಮೆ ಹಿಂದಕ್ಕೆ ತಿರುಗಿ, ದಂಡೆಯ ಮೇಲೆ ಯಾರಾದರೂ ಇದ್ದಾರೆಯೇ ಎಂದು ನೋಡಿದೆ. ಮತ್ತೆ ಇತ್ತ ತಿರುಗಿದಾಗ ಅವನು ಕಾಲು ಕೆಳಗಿಳಿಸಿದ್ದ.